ಆನೆ ಚಿಕ್ಕದಾಗಲಿ, ಸುಕ್ಕು ಹಾಗೇ ಇರಲಿ: ಡಿಜಿಟಲ್ ಶಿಲ್ಪದ ಅಳತೆ ಬದಲಿಸುವ ಕೆಲಸ

ಮಡಿಕೇರಿ ಕೋಟೆಯೊಳಗೆ ಗಾರೆಯ ಎರಡು ಆನೆಗಳಿವೆ. ನಿಜವಾದ ಆನೆಯಷ್ಟೇ ದೊಡ್ಡವು. ಕೋಟೆ ನೋಡಲು ಹೋದವರಲ್ಲಿ ಅವುಗಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳದವರು ಕಡಿಮೆ. ಅಂಥದ್ದೇ ಒಂದು ಆನೆಯನ್ನು ನೀವು ಕಂಪ್ಯೂಟರಿನಲ್ಲಿ ಕೆತ್ತಿದ್ದೀರಿ ಎಂದಿಟ್ಟುಕೊಳ್ಳಿ. ಬ್ಲೆಂಡರ್‌ನಲ್ಲೋ ಝೀಬ್ರಶ್‌ನಲ್ಲೋ, 3ಡಿ ಕೆತ್ತನೆಯ ಪ್ರೋಗ್ರಾಂ ಯಾವುದಾದರೂ ಸರಿ. ಸೊಂಡಿಲಿನ ಸುಕ್ಕು, ಕಿವಿಯ ಅಂಚಿನ ಹರಕು, ಕಾಲುಗುರು, ಬೆನ್ನ ಮೇಲಿನ ಬಟ್ಟೆಯ ಕಸೂತಿ, ಎಲ್ಲವೂ ಬಂದಿದೆ.

ಈಗ ನಿಮ್ಮನ್ನು ಹುಡುಕಿಕೊಂಡು ಇಬ್ಬರು ಬರುತ್ತಾರೆ. ಒಬ್ಬರದು ರಾಜಾಸೀಟ್ ರಸ್ತೆಯಲ್ಲಿ ಅಂಗಡಿ. ಪ್ರವಾಸಿಗರಿಗೆ ಮಾರಲು 6 ಸೆಂಟಿಮೀಟರ್ ಎತ್ತರದ ಆನೆ ಬೇಕು. ಇನ್ನೊಬ್ಬರು ದಸರಾ ಮಂಟಪದ ಕೆಲಸ ಮಾಡುವವರು. ಅವರಿಗೆ 3 ಮೀಟರ್ ಎತ್ತರದ್ದು ಬೇಕು. ಮಾಡೆಲ್ ಅದೇ, ಅಳತೆ ಮಾತ್ರ ಬೇರೆ. ಸುಲಭದ ಕೆಲಸ ಅಲ್ವಾ? ಸ್ಕೇಲ್ ಬಾಕ್ಸಿನಲ್ಲಿ ಒಂದು ಅಂಕಿ ಹಾಕಿದರೆ ಮುಗಿಯಿತು ಅನಿಸುತ್ತದೆ. ಆಮೇಲೆ ನೋಡಿದರೆ ಸುಕ್ಕುಗಳೆಲ್ಲ ಸವೆದು, ಆನೆ ಸೋಪಿನಲ್ಲಿ ಮಾಡಿದಂತೆ ನುಣ್ಣಗಾಗಿರುತ್ತದೆ. "ಸ್ಕೇಲ್ ಮಾಡಿದೆ, ಡೀಟೇಲ್ ಎಲ್ಲ ಹೋಯ್ತು" ಎಂದು ಜನ ಸ್ಕೇಲ್‌ಗೆ ಬೈಯುತ್ತಾರೆ.

ಸ್ಕೇಲ್ ಪಾಪದ್ದು. ಅದು ಏನನ್ನೂ ಅಳಿಸುವುದಿಲ್ಲ. ಅಳಿಸುವುದು ಅದರ ಹಿಂದೆ ಮುಂದೆ ನಾವು ಒತ್ತುವ ಬೇರೆ ಬಟನ್‌ಗಳು.

ಸ್ಕೇಲ್ ನಿಜವಾಗಿ ಮಾಡುವುದೇನು

ಡಿಜಿಟಲ್ ಶಿಲ್ಪದ ಒಳಗೆ ಮಣ್ಣೂ ಇಲ್ಲ, ಕಲ್ಲೂ ಇಲ್ಲ. ಇರುವುದು ಪಾಯಿಂಟ್‌ಗಳ ಒಂದು ಉದ್ದನೆಯ ಪಟ್ಟಿ. ಪ್ರತಿ ಪಾಯಿಂಟಿಗೂ ಮೂರು ಅಂಕಿ: ಎಡಬಲ ಎಷ್ಟು, ಹಿಂದೆ ಮುಂದೆ ಎಷ್ಟು, ಮೇಲೆ ಕೆಳಗೆ ಎಷ್ಟು. ಯಾವ ಪಾಯಿಂಟನ್ನು ಯಾವುದಕ್ಕೆ ಸೇರಿಸಿ ಮುಖ, ಅಂದರೆ ಸಣ್ಣ ತ್ರಿಕೋನವೋ ಚೌಕವೋ, ಮಾಡಬೇಕು ಎನ್ನುವ ಇನ್ನೊಂದು ಪಟ್ಟಿ ಜೊತೆಗಿರುತ್ತದೆ. ಇದಕ್ಕೇ ಮೆಶ್ ಅನ್ನುತ್ತೇವೆ.

ಸ್ಕೇಲ್ ಮಾಡುವುದು ಎಂದರೆ ಆ ಅಂಕಿಗಳನ್ನೆಲ್ಲ ಒಂದೇ ಸಂಖ್ಯೆಯಿಂದ ಗುಣಿಸುವುದು, ಅಷ್ಟೇ. 20 ಲಕ್ಷ ಪಾಯಿಂಟ್ ಇದ್ದರೆ ಆಮೇಲೂ 20 ಲಕ್ಷವೇ ಇರುತ್ತವೆ. ಸುಕ್ಕಿನ ಆಳ ಮತ್ತು ಆನೆಯ ಎತ್ತರ, ಇವೆರಡರ ನಡುವಿನ ಪ್ರಮಾಣವೂ ಮೊದಲಿದ್ದಷ್ಟೇ. ಆನೆ ಹತ್ತು ಪಟ್ಟು ಕುಗ್ಗಿದರೆ ಸುಕ್ಕೂ ಹತ್ತು ಪಟ್ಟು ಕುಗ್ಗುತ್ತದೆ. ಮತ್ತೆ ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ಮೊದಲಿನ ಆನೆಯೇ ವಾಪಸ್.

'ಹೆಚ್ಚುಕಡಿಮೆ' ಅಂದದ್ದಕ್ಕೆ ಕಾರಣವಿದೆ. ಈ ಅಂಕಿಗಳನ್ನು ಸಾಮಾನ್ಯವಾಗಿ 32 ಬಿಟ್ ಫ್ಲೋಟ್ ರೂಪದಲ್ಲಿ ಇಡುತ್ತಾರೆ. ಅದರಲ್ಲಿ ಸುಮಾರು 7 ಅಂಕಿಗಳಷ್ಟು ನಿಖರತೆ ಸಿಗುತ್ತದೆ. ಮಾಡೆಲ್ ಸೊನ್ನೆಯ ಹತ್ತಿರ, ಅಂದರೆ ದೃಶ್ಯದ ನಡುಮಧ್ಯದಲ್ಲಿ ಇದ್ದರೆ ಅದು ಬೇಕಾದಷ್ಟಾಯಿತು. ಆದರೆ ಅದೇ ಮಾಡೆಲ್ ಮಧ್ಯದಿಂದ 1,00,000 ಯೂನಿಟ್ ದೂರದಲ್ಲಿದೆ ಅನ್ನಿ. ಅಲ್ಲಿ ಎರಡು ಅಕ್ಕಪಕ್ಕದ ಅಂಕಿಗಳ ನಡುವಿನ ಅಂತರವೇ ಸುಮಾರು 0.008 ಯೂನಿಟ್ ಆಗಿರುತ್ತದೆ. ಅದಕ್ಕಿಂತ ಸಣ್ಣ ಏರಿಳಿತ ಅಲ್ಲಿ ಉಳಿಯುವುದಿಲ್ಲ, ಮೇಲ್ಮೈ ಮೆಟ್ಟಿಲು ಮೆಟ್ಟಿಲಾಗುತ್ತದೆ. ಡ್ರೋನ್ ಸರ್ವೆ ಅಥವಾ ಭೂಪಟದಿಂದ ಬಂದ ಮಾಡೆಲ್‌ಗಳಲ್ಲಿ ಈ ತೊಂದರೆ ಬರುತ್ತದೆ. ಅಂಥದ್ದು ಕೈಗೆ ಬಂದರೆ ಮೊದಲು ಮಧ್ಯಕ್ಕೆ ಎಳೆದುಕೊಂಡು, ಆಮೇಲೆ ಮುಂದಿನ ಕೆಲಸ. ಸ್ಕೇಲ್‌ನಿಂದಲೇ ವಿವರ ಹೋಯಿತು ಎಂದು ಹೇಳಬಹುದಾದ ಸಂದರ್ಭ ಹೆಚ್ಚಾಗಿ ಇದೊಂದೇ. ಆನೆಯ ಶಿಲ್ಪಕ್ಕೆ ಇದರ ಭಯ ಬೇಡ.

ಹಾಗಾದರೆ ಸುಕ್ಕು ತಿಂದವರು ಯಾರು

ಪ್ರೋಗ್ರಾಂನೊಳಗೆ ಎರಡು ಜಾತಿಯ ಉಪಕರಣಗಳಿವೆ. ಒಂದು ಜಾತಿ ಪ್ರಮಾಣ ನೋಡಿ ಕೆಲಸ ಮಾಡುತ್ತದೆ. ಇನ್ನೊಂದು ಜಾತಿ ಅಳತೆ ನೋಡಿ ಕೆಲಸ ಮಾಡುತ್ತದೆ, ಇಷ್ಟು ಮಿಲಿಮೀಟರ್, ಇಷ್ಟು ಮೀಟರ್ ಎಂದು. ಎರಡನೆಯದಕ್ಕೆ ನಿಮ್ಮ ಆನೆ ಕುಗ್ಗಿದ್ದು ಗೊತ್ತೇ ಇರುವುದಿಲ್ಲ. ನಿನ್ನೆ ಹೇಳಿದ ಅಳತೆಯನ್ನೇ ಇವತ್ತೂ ಹಿಡಿದುಕೊಂಡು ಕೂತಿರುತ್ತದೆ.

ಅಳತೆ ನೋಡುವ ಈ ಜಾತಿಯಲ್ಲಿ ಮೊದಲು ಹೇಳಬೇಕಾದದ್ದು ರೀಮೆಶ್, ಅಂದರೆ ಮೆಶ್ ಅನ್ನು ಹೊಸದಾಗಿ ಹೆಣೆಯುವುದು. ವಾಕ್ಸೆಲ್ ರೀಮೆಶ್ ಮಾಡಿದಾಗ ಪ್ರೋಗ್ರಾಂ ನಿಮ್ಮ ಮಾಡೆಲ್ ಇರುವ ಜಾಗವನ್ನು ಸಣ್ಣ ಸಣ್ಣ ಘನಗಳಾಗಿ ಹೆಚ್ಚುತ್ತದೆ. ಮೇಲ್ಮೈ ಯಾವ ಯಾವ ಘನದ ಮೂಲಕ ಹಾದುಹೋಗುತ್ತದೆ ಎಂದು ನೋಡಿ ಹೊಸ ಮೆಶ್ ಹೆಣೆಯುತ್ತದೆ. ಘನಕ್ಕಿಂತ ಸಣ್ಣದು ಏನಿದ್ದರೂ ಅದರ ಕಣ್ಣಿಗೆ ಬೀಳುವುದಿಲ್ಲ. ಒಂದು ಗೆರೆ ಸರಿಯಾಗಿ ಉಳಿಯಬೇಕಾದರೆ ಅದರ ಅಗಲದಲ್ಲಿ ಕನಿಷ್ಠ ಎರಡು ಮೂರು ಘನ ಹಿಡಿಸಬೇಕು.

ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜವನ್ನು ಎಎ, ಎ, ಬಿ ಎಂದು ಬೇರೆ ಮಾಡುವ ಜರಡಿ ನೋಡಿರುತ್ತೀರಿ. ಜರಡಿಯ ತೂತು ಬದಲಾಗುವುದಿಲ್ಲ. ಬೀಜ ಸಣ್ಣದಾದರೆ ಕೆಳಗೆ ಬೀಳುತ್ತದೆ. ವಾಕ್ಸೆಲ್ ಅಳತೆಯೂ ಹಾಗೇ. ಬ್ಲೆಂಡರ್‌ನಲ್ಲಿ ಅದು ಮೊದಲಿಗೆ 0.1 ಮೀಟರ್ ಎಂದು ಇರುತ್ತದೆ. 3 ಮೀಟರಿನ ಆನೆಗೆ ಎತ್ತರದಲ್ಲಿ 30 ಘನ ಸಿಗುತ್ತದೆ. ಅದೇ ಕಡಿಮೆ, ಒರಟು ಆಕಾರ ಮಾತ್ರ ಬರುತ್ತದೆ. 6 ಸೆಂಟಿಮೀಟರಿನ ಆನೆಗೆ? ಇಡೀ ಆನೆ ಒಂದು ಘನದೊಳಗೆ ಮುಳುಗಿಹೋಗುತ್ತದೆ. ನೀವು ದೊಡ್ಡ ಅಳತೆಯಲ್ಲಿ ಕೂರಿಸಿಕೊಂಡಿದ್ದ ವಾಕ್ಸೆಲ್ ಸಂಖ್ಯೆಯನ್ನು ಕುಗ್ಗಿಸಿದ ಮೇಲೆ ಬದಲಿಸದೆ ರೀಮೆಶ್ ಒತ್ತಿದರೆ ಇದೇ ಗತಿ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬ್ಲೆಂಡರ್‌ನಲ್ಲಿ ಆಬ್ಜೆಕ್ಟ್ ಮೋಡ್‌ನಲ್ಲಿ ಸ್ಕೇಲ್ ಮಾಡಿದರೆ ಪಾಯಿಂಟ್‌ಗಳ ಅಂಕಿ ಕೂಡಲೇ ಬದಲಾಗುವುದಿಲ್ಲ. 'ಈ ವಸ್ತುವನ್ನು 0.02 ಪಟ್ಟು ತೋರಿಸು' ಎಂದು ಮೇಲೊಂದು ಚೀಟಿ ಅಂಟಿಸಿದಂತೆ ಇರುತ್ತದೆ. ವಾಕ್ಸೆಲ್ ರೀಮೆಶ್ ಆ ಚೀಟಿ ನೋಡುವುದಿಲ್ಲ, ಒಳಗಿನ ಮೂಲ ಅಂಕಿಗಳನ್ನೇ ನೋಡುತ್ತದೆ. ಕಂಟ್ರೋಲ್ ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿದಾಗ ಮಾತ್ರ ಅಂಕಿಗಳು ನಿಜಕ್ಕೂ ಗುಣಿಸಲ್ಪಡುತ್ತವೆ. ಹಾಗಾಗಿ ನೋಡಲು ಒಂದೇ ಅಳತೆಯ ಎರಡು ಆನೆಗಳು, ಒಂದೇ ವಾಕ್ಸೆಲ್ ಸಂಖ್ಯೆ, ಆದರೆ ಒಂದರಲ್ಲಿ ಸುಕ್ಕು ಉಳಿಯಿತು, ಇನ್ನೊಂದರಲ್ಲಿ ಹೋಯಿತು. ತಲೆ ಕೆರೆದುಕೊಳ್ಳುವವರಿಗೆ ಉತ್ತರ ಈ ಚೀಟಿಯಲ್ಲಿದೆ.

ಝೀಬ್ರಶ್‌ನ ಡೈನಾಮೆಶ್ ಎಂಬ ರೀಮೆಶ್ ಉಪಕರಣ ಕೂಡ ಅಳತೆ ನೋಡುವ ಜಾತಿಯದೇ. ರೆಸಲ್ಯೂಶನ್ ಅದೇ ಇಟ್ಟು ಮಾಡೆಲ್ ಚಿಕ್ಕದು ಮಾಡಿದರೆ ಪಾಲಿಗಾನ್ (ಮೆಶ್‌ನ ಮುಖ) ಕಡಿಮೆ ಸಿಗುತ್ತದೆ, ದೊಡ್ಡದು ಮಾಡಿದರೆ ಜಾಸ್ತಿ. ಆ ಪ್ರೋಗ್ರಾಂ ತನ್ನೊಳಗೆ ಮಾಡೆಲ್ ಸುಮಾರು 2 ಯೂನಿಟ್ ಅಳತೆಯಲ್ಲಿ ಇರಲಿ ಎಂದು ಬಯಸುತ್ತದೆ. ಯೂನಿಫೈ ಎಂಬ ಬಟನ್ ಇರುವುದು ಅದಕ್ಕೇ. ಕೆತ್ತುವಷ್ಟು ದಿನ ಅಲ್ಲೇ ಇಟ್ಟುಕೊಂಡು, ನಿಜವಾದ ಮಿಲಿಮೀಟರ್ ಲೆಕ್ಕವನ್ನು ಕೊನೆಗೆ ಸ್ಕೇಲ್ ಮಾಸ್ಟರ್‌ನಲ್ಲೋ ಎಕ್ಸ್‌ಪೋರ್ಟ್ ಮಾಡುವಾಗಲೋ ಕೊಡುವುದು ಒಳ್ಳೆಯದು.

ಮರ್ಜ್ ಬೈ ಡಿಸ್ಟೆನ್ಸ್ ಇನ್ನೊಂದು. ಹತ್ತಿರದ ಪಾಯಿಂಟ್‌ಗಳನ್ನು ಒಂದು ಮಾಡಿ ಮೆಶ್ ಚೊಕ್ಕ ಮಾಡುವ ಉಪಕರಣ ಇದು. 'ಹತ್ತಿರ' ಎಂದರೆ ಬ್ಲೆಂಡರ್ ಮೊದಲಿಗೆ ತೆಗೆದುಕೊಳ್ಳುವುದು 0.0001 ಮೀಟರ್, ಅಂದರೆ 0.1 ಮಿಲಿಮೀಟರ್. 3 ಮೀಟರಿನ ಆನೆಗೆ ಅದು ಏನೂ ಅಲ್ಲ. ಆದರೆ 6 ಸೆಂಟಿಮೀಟರಿನ ಆನೆಯ ಮೇಲ್ಮೈ 100 ಚದರ ಸೆಂಟಿಮೀಟರ್ ಎಂದುಕೊಂಡರೆ, ಅದರ ಮೇಲೆ 20 ಲಕ್ಷ ಪಾಯಿಂಟ್ ಕೂತಾಗ ಒಂದಕ್ಕೊಂದು ಸರಾಸರಿ ದೂರ ಸುಮಾರು 0.07 ಮಿಲಿಮೀಟರ್ ಆಗುತ್ತದೆ. 'ಮೆಶ್ ಕ್ಲೀನ್ ಮಾಡೋಣ' ಎಂದು ಸುಮ್ನೆ ಒಂದು ಸಲ ಒತ್ತಿದರೆ ಸಾಕು, ಅಕ್ಕಪಕ್ಕದ ಪಾಯಿಂಟ್‌ಗಳು ಒಂದರೊಳಗೊಂದು ಸೇರಿ ಕಸೂತಿ ಮಾಯ.

ಡೆಸಿಮೇಶನ್ ಬಗ್ಗೆ ಇರುವ ಭಯ ಮಾತ್ರ ಅತಿಯಾಯಿತು ಅನಿಸುತ್ತದೆ. ಪಾಲಿಗಾನ್ ಕಡಿಮೆ ಮಾಡುವ ಈ ವಿಧಾನದ ಹಿಂದಿನ ಪ್ರಸಿದ್ಧ ಲೆಕ್ಕವನ್ನು 1997ರಲ್ಲಿ ಗಾರ್ಲೆಂಡ್ ಮತ್ತು ಹೆಕ್‌ಬರ್ಟ್ ಎಂಬಿಬ್ಬರು ಪ್ರಕಟಿಸಿದರು. ಪಾಯಿಂಟ್ ತೆಗೆದರೆ ಆಕಾರ ಎಷ್ಟು ಕೆಡುತ್ತದೆ ಎಂದು ಲೆಕ್ಕ ಹಾಕಿ, ಕಡಿಮೆ ಕೆಡುವ ಕಡೆ ಮೊದಲು ತೆಗೆಯುತ್ತದೆ. ಆನೆಯ ಸಪಾಟು ಹೊಟ್ಟೆಯಲ್ಲಿ ಪಾಯಿಂಟ್ ಹೋಗುತ್ತದೆ, ಸೊಂಡಿಲಿನ ಸುಕ್ಕಿನಲ್ಲಿ ಉಳಿಯುತ್ತದೆ. ಶೇಕಡಾ ಲೆಕ್ಕದಲ್ಲಿ ಮಾಡಿದರೆ ಇದಕ್ಕೆ ಅಳತೆ ಮುಖ್ಯವೇ ಅಲ್ಲ. ಒಂದೇ ಎಚ್ಚರ: ಇದಾದ ಮೇಲೆ ಮತ್ತೆ ಕೆತ್ತುವ ಯೋಚನೆ ಬೇಡ. ತ್ರಿಕೋನಗಳು ಅಡ್ಡಾದಿಡ್ಡಿ ಆಗಿರುತ್ತವೆ. ಇದು 3ಡಿ ಪ್ರಿಂಟಿಗೆ ಕಳಿಸುವ ಪ್ರತಿಗೆ ಮಾತ್ರ.

ಪದರಗಳ ವಿಚಾರ

ಇಷ್ಟು ಹೊತ್ತು ಹೇಳಿದ್ದು ಒಂದೇ ಪದರದ ಮೆಶ್ ಬಗ್ಗೆ. ಗಂಭೀರವಾಗಿ ಕೆತ್ತುವವರು ಸಾಮಾನ್ಯವಾಗಿ ಸಬ್‌ಡಿವಿಷನ್ ಹಂತಗಳಲ್ಲಿ ಕೆಲಸ ಮಾಡುತ್ತಾರೆ. ತಳದಲ್ಲಿ ಒಂದು ಸರಳ ಆನೆ. ಒಂದು ಹಂತ ಮೇಲೆ ಹೋದಂತೆ ಪ್ರತಿ ಚೌಕವೂ ನಾಲ್ಕಾಗುತ್ತದೆ. 5,000 ಚೌಕದಿಂದ ಶುರು ಮಾಡಿ ಆರು ಸಲ ಒಡೆದರೆ 2 ಕೋಟಿ 4 ಲಕ್ಷ 80 ಸಾವಿರ ಚೌಕ. ಸುಕ್ಕು ಇರುವುದು ಮೇಲಿನ ಹಂತಗಳಲ್ಲಿ, ದೇಹದ ಗಾತ್ರ ಇರುವುದು ತಳದಲ್ಲಿ.

ಮೇಲಿನ ಹಂತದ ವಿವರವನ್ನು ಪ್ರೋಗ್ರಾಂ ಹೇಗೆ ನೆನಪಿಟ್ಟುಕೊಳ್ಳುತ್ತದೆ ಎನ್ನುವುದರಲ್ಲೇ ಇಡೀ ಗುಟ್ಟಿದೆ. ಬ್ಲೆಂಡರ್‌ನ ಮಲ್ಟಿರೆಸ್‌ನಲ್ಲಿ (ಈ ಹಂತಗಳನ್ನು ಇಟ್ಟುಕೊಳ್ಳುವ ಸೌಲಭ್ಯ) ವಿವರ ಎಂದರೆ, ಕೆಳಗಿನ ನುಣುಪು ಮೇಲ್ಮೈಯಿಂದ ಈ ಜಾಗ ಎಷ್ಟು ಉಬ್ಬಿದೆ, ಎಷ್ಟು ತಗ್ಗಿದೆ ಎಂಬ ದೂರ. ದಿಕ್ಕನ್ನು ಮೇಲ್ಮೈಗೆ ಹೊಂದಿಸಿ ಇಡುತ್ತದೆ. ಅದಕ್ಕೇ ತಳದ ಹಂತದಲ್ಲಿ ಸೊಂಡಿಲು ಬಗ್ಗಿಸಿದರೆ ಸುಕ್ಕುಗಳೂ ಜೊತೆಗೆ ಬಗ್ಗುತ್ತವೆ. ಆದರೆ ದೂರ ಮಾತ್ರ ದೂರವೇ. ಪ್ರಮಾಣ ಅಲ್ಲ.

ಇದರ ಪರಿಣಾಮ ನೋಡಿ. ಎಡಿಟ್ ಮೋಡ್‌ಗೆ ಹೋಗಿ ತಳದ ಪಾಯಿಂಟ್‌ಗಳನ್ನು ಹಿಡಿದು ಹತ್ತು ಪಟ್ಟು ಎಳೆದಿರಿ. ಆನೆ ಹತ್ತು ಪಟ್ಟಾಯಿತು. ಸುಕ್ಕಿನ ಆಳ ಮೊದಲಿದ್ದಷ್ಟೇ ಉಳಿಯಿತು. ದೊಡ್ಡ ಆನೆಯ ಮೇಲೆ ಆ ಆಳ ಏನೇನೂ ಸಾಲದು, ಚರ್ಮ ಇಸ್ತ್ರಿ ಹಾಕಿದಂತೆ ಕಾಣುತ್ತದೆ. ಉಲ್ಟಾ ಮಾಡಿ, ತಳವನ್ನು ಹತ್ತು ಪಟ್ಟು ಕುಗ್ಗಿಸಿದರೆ ಸುಕ್ಕುಗಳು ದೇಹಕ್ಕಿಂತ ದೊಡ್ಡದಾಗಿ ಮುಳ್ಳುಹಂದಿ ಆಗುತ್ತದೆ. ಯಾವುದೂ ಅಳಿಸಿಹೋಗಿಲ್ಲ. ದೇಹ ಒಂದು ಲೆಕ್ಕದಲ್ಲಿ, ವಿವರ ಇನ್ನೊಂದು ಲೆಕ್ಕದಲ್ಲಿ ನಿಂತಿದೆ ಅಷ್ಟೇ.

ಸರಿಯಾದ ದಾರಿ ಸುಲಭವಾದದ್ದೇ. ಎಡಿಟ್ ಮೋಡ್‌ನಲ್ಲಿ ಬೇಡ, ಆಬ್ಜೆಕ್ಟ್ ಮೋಡ್‌ನಲ್ಲಿ ಇಡೀ ವಸ್ತುವನ್ನು ಸ್ಕೇಲ್ ಮಾಡಿ. ಮೂರೂ ದಿಕ್ಕಿಗೆ ಒಂದೇ ಸಂಖ್ಯೆ ಇರಲಿ. ಆಗ ದೇಹ, ವಿವರ ಎರಡೂ ಒಟ್ಟಿಗೆ ಗುಣಿಸಲ್ಪಡುತ್ತವೆ. ಹಂತಗಳಿರುವ ಬೇರೆ ಪ್ರೋಗ್ರಾಂಗಳಲ್ಲೂ ನನ್ನ ಸಲಹೆ ಇದೇ: ತಳದ ಹಂತವನ್ನು ಒಂಟಿಯಾಗಿ ಎಳೆಯಬೇಡಿ, ಎಲ್ಲಕ್ಕಿಂತ ಮೇಲಿನ ಹಂತಕ್ಕೆ ಹೋಗಿ ಅಳತೆ ಬದಲಿಸಿ. ಬದಲಿಸಿದ ಮೇಲೆ ಒಂದು ಸಲ ಕೆಳಗಿಳಿದು ಮೇಲೆ ಹತ್ತಿ, ಸುಕ್ಕು ಮೊದಲಿನಂತೆ ಇದೆಯೇ ಎಂದು ಕಣ್ಣಾರೆ ನೋಡಿ.

ಒಂದೇ ದಿಕ್ಕಿಗೆ ಎಳೆಯುವವರೂ ಇದ್ದಾರೆ. 'ಆನೆ ಸ್ವಲ್ಪ ಎತ್ತರ ಬೇಕಿತ್ತು' ಎಂದು ಮೇಲ್ಮುಖವಾಗಿ ಮಾತ್ರ ಜಗ್ಗುವುದು. ಕಣ್ಣುಗುಡ್ಡೆ ಮೊಟ್ಟೆಯಾಗುತ್ತದೆ, ಕಸೂತಿಯ ಹೂವು ಉದ್ದವಾಗುತ್ತದೆ. ಬ್ಲೆಂಡರ್ ಕೂಡ ಇಂಥ ವಸ್ತುವನ್ನು ಕೆತ್ತಲು ಹೋದರೆ ಎಚ್ಚರಿಕೆ ಕೊಡುತ್ತದೆ. ಎತ್ತರ ಬೇಕಿದ್ದರೆ ತಳದ ಹಂತದಲ್ಲಿ ಕಾಲನ್ನು ಬಿಟ್ಟು ಉಳಿದದ್ದಕ್ಕೆಲ್ಲ ಮಾಸ್ಕ್ ಹಾಕಿ, ಅಂದರೆ ಅಲುಗದಂತೆ ಮುಚ್ಚಿ, ಕಾಲನ್ನು ಮಾತ್ರ ಉದ್ದ ಮಾಡಿ. ಬರೀ ಅಷ್ಟು ಜಾಗ ಎಳೆದರೆ ವಿವರ ಹೆಚ್ಚೇನೂ ಹದಗೆಡುವುದಿಲ್ಲ.

ಡಿಸ್‌ಪ್ಲೇಸ್‌ಮೆಂಟ್ ಮ್ಯಾಪ್, ಅಂದರೆ ಉಬ್ಬುತಗ್ಗನ್ನು ಕಪ್ಪುಬಿಳುಪಿನಲ್ಲಿ ಬರೆದಿಟ್ಟ ಚಿತ್ರ, ಬಳಸುವವರಿಗೂ ಇದೇ ಲೆಕ್ಕ. ಆ ಚಿತ್ರದಲ್ಲಿ ಇರುವುದೂ ಉಬ್ಬುತಗ್ಗಿನ ದೂರವೇ. ಮಾಡೆಲ್ ಗುಣಿಸಿ ಅಪ್ಲೈ ಮಾಡಿದರೆ ಸ್ಟ್ರೆಂತ್ ಸಂಖ್ಯೆಯನ್ನೂ ಅಷ್ಟೇ ಪಟ್ಟು ಗುಣಿಸಬೇಕು. ದೊಡ್ಡದು ಮಾಡುವಾಗ ಚಿತ್ರದ ಬಿಟ್ ಲೆಕ್ಕವೂ ನೋಡಿಕೊಳ್ಳಿ. 8 ಬಿಟ್ ಚಿತ್ರದಲ್ಲಿ 256 ಮೆಟ್ಟಿಲು ಮಾತ್ರ. ಒಟ್ಟು ಉಬ್ಬು 2 ಮಿಲಿಮೀಟರ್ ಇದ್ದರೆ ಒಂದು ಮೆಟ್ಟಿಲು 0.008 ಮಿಲಿಮೀಟರ್, ಯಾರಿಗೂ ಕಾಣುವುದಿಲ್ಲ. 20 ಪಟ್ಟು ಹಿಗ್ಗಿಸಿ ಉಬ್ಬು 40 ಮಿಲಿಮೀಟರ್ ಆದಾಗ ಒಂದು ಮೆಟ್ಟಿಲು ಸುಮಾರು 0.16 ಮಿಲಿಮೀಟರ್, ಓರೆಯಾಗಿ ಬೆಳಕು ಬಿದ್ದರೆ ಗೆರೆ ಗೆರೆಯಾಗಿ ಕಾಣುತ್ತದೆ. 16 ಬಿಟ್‌ನಲ್ಲಿ 65,536 ಮೆಟ್ಟಿಲುಗಳಿವೆ, ಚಿಂತೆಯಿಲ್ಲ. ನಾರ್ಮಲ್ ಮ್ಯಾಪ್ ಬೇರೆ ಸಂಗತಿ. ಅದು ಕೋನಗಳ ಲೆಕ್ಕ, ಎಲ್ಲ ಕಡೆ ಸಮವಾಗಿ ಸ್ಕೇಲ್ ಮಾಡಿದರೆ ಕೋನ ಬದಲಾಗುವುದಿಲ್ಲ. ಆದರೆ ಅದು ಬೆಳಕಿನ ಕಣ್ಕಟ್ಟು, ಪರದೆಯ ಮೇಲೆ ಮಾತ್ರ ಸುಕ್ಕು. ಪ್ರಿಂಟರ್‌ಗೆ ಕಳಿಸಿದರೆ ನುಣ್ಣನೆಯ ಆನೆ ಬರುತ್ತದೆ.

ರೀಮೆಶ್ ಮಾಡಲೇಬೇಕಾದರೆ

ಕೆಲವು ಸಲ ತಪ್ಪಿಸಿಕೊಳ್ಳಲು ಆಗುವುದಿಲ್ಲ. ದಂತ, ಬಟ್ಟೆ, ಗಂಟೆ, ಎಲ್ಲ ಬೇರೆ ಬೇರೆ ತುಂಡುಗಳಾಗಿದ್ದರೆ ಪ್ರಿಂಟಿಗೆ ಒಂದೇ ಮೆಶ್ ಬೇಕಾಗುತ್ತದೆ. ಆಗ ಹಳೆಯ ವಿವರವನ್ನು ಹೊಸ ಮೆಶ್ ಮೇಲೆ ಮತ್ತೆ ಕೂರಿಸಬೇಕು. ಇದಕ್ಕೆ ಪ್ರೊಜೆಕ್ಟ್ ಮಾಡುವುದು ಅನ್ನುತ್ತಾರೆ.

ವಿವರ ತುಂಬಿದ ಮೂಲ ಆನೆಯನ್ನು ಹಾಗೇ ಇಟ್ಟುಕೊಳ್ಳಿ. ಅದರ ನಕಲೊಂದನ್ನು ರೀಮೆಶ್ ಮಾಡಿ. ಎರಡೂ ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ ಇರಬೇಕು, ಇದು ಮುಖ್ಯ. ಹೊಸದನ್ನು ಒಂದು ಹಂತ ಒಡೆದು, ಅದರ ಪಾಯಿಂಟ್‌ಗಳನ್ನು ಮೂಲದ ಮೇಲ್ಮೈಗೆ ಅಂಟಿಸಿ. ಝೀಬ್ರಶ್‌ನಲ್ಲಿ ಪ್ರೊಜೆಕ್ಟ್ ಆಲ್, ಬ್ಲೆಂಡರ್‌ನಲ್ಲಿ ಶ್ರಿಂಕ್‌ವ್ರ್ಯಾಪ್. ಮತ್ತೆ ಒಂದು ಹಂತ ಒಡೆದು ಮತ್ತೆ ಅಂಟಿಸಿ. ಒಂದೇ ಸಲ ಆರು ಹಂತ ಏರಿಸಿ ಅಂಟಿಸಲು ಹೋದರೆ ಪಾಯಿಂಟ್‌ಗಳು ತಪ್ಪು ಜಾಗಕ್ಕೆ ಹಾರುತ್ತವೆ. ಬಾಯಿಯ ಒಳಭಾಗ, ಕಿವಿ ಮತ್ತು ಕತ್ತಿನ ನಡುವಿನ ಸಂದಿ, ಇಂಥ ಕಡೆ ಮೆಶ್ ಹರಿದಂತೆ ಆಗುತ್ತದೆ. ಮೆಲ್ಲಗೆ ಹೋದರೆ ದೂರ ಕಡಿಮೆ, ತಪ್ಪೂ ಕಡಿಮೆ.

ಈ ಇಡೀ ಕೆಲಸ ಸ್ಕೇಲ್ ಮಾಡುವ ಮೊದಲೇ ಮುಗಿಯಬೇಕು. ಕೆತ್ತುವ ಅಳತೆ ಒಂದು, ಹೊರಗೆ ಕಳಿಸುವ ಅಳತೆ ಇನ್ನೊಂದು. ಅಳತೆ ನೋಡಿ ಕೆಲಸ ಮಾಡುವ ಉಪಕರಣಗಳನ್ನೆಲ್ಲ ಮೊದಲನೆಯದರಲ್ಲೇ ಮುಗಿಸಿ. ಕೊನೆಗೆ ಸ್ಕೇಲ್, ಅದರ ಬೆನ್ನಿಗೇ ಎಕ್ಸ್‌ಪೋರ್ಟ್. ಅಂದಹಾಗೆ, ಕೋಟಿ ಪಾಲಿಗಾನ್‌ನ ಫೈಲ್ ಸೇವ್ ಆಗಲು ಹೊತ್ತು ಹಿಡಿಯುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ಹೊಸದೇನಲ್ಲ. ಒಂದೇ ಹೆಸರಿನ ಮೇಲೆ ಪದೇ ಪದೇ ಸೇವ್ ಮಾಡದೆ 01, 02 ಎಂದು ಹೊಸ ಹೆಸರಿನಲ್ಲಿ ಇಟ್ಟುಕೊಳ್ಳಿ.

ಫೈಲ್ ಹೊರಗೆ ಹೋಗುವಾಗ

ಎಸ್‌ಟಿಎಲ್ ಫೈಲ್ 1987ರ ಕಾಲದ್ದು. ಅದರಲ್ಲಿ ಅಂಕಿ ಇದೆ, ಯೂನಿಟ್ ಇಲ್ಲ. 6 ಎಂದರೆ 6 ಮಿಲಿಮೀಟರೋ ಮೀಟರೋ ಫೈಲ್‌ಗೆ ಗೊತ್ತಿಲ್ಲ. ಮಾಡೆಲನ್ನು ಪ್ರಿಂಟರ್‌ಗಾಗಿ ಪದರ ಪದರವಾಗಿ ಕತ್ತರಿಸುವ ಪ್ರೋಗ್ರಾಂ, ಅಂದರೆ ಸ್ಲೈಸರ್, ಅದನ್ನು ಮಿಲಿಮೀಟರ್ ಎಂದೇ ಓದಿಕೊಳ್ಳುತ್ತದೆ. ಬ್ಲೆಂಡರ್‌ನಲ್ಲಿ 0.06 ಮೀಟರ್ ಎತ್ತರದ ಆನೆ ಸ್ಲೈಸರ್‌ನಲ್ಲಿ 0.06 ಮಿಲಿಮೀಟರ್ ಆಗಿ, ಕಣ್ಣಿಗೇ ಕಾಣದೆ ಹೋಗಬಹುದು. ಗಾಬರಿ ಬೇಡ, ಅಲ್ಲೇ 1,000 ಪಟ್ಟು ಮಾಡಿದರೆ ಸರಿಯಾಗುತ್ತದೆ, ವಿವರ ಹೋಗಿರುವುದಿಲ್ಲ. ಮೊದಲೇ ಬ್ಲೆಂಡರ್‌ನಲ್ಲಿ ಯೂನಿಟ್ ಸ್ಕೇಲ್ 0.001 ಇಟ್ಟು ಮಿಲಿಮೀಟರಿನಲ್ಲೇ ಕೆಲಸ ಮಾಡಿದರೆ ಈ ಗೊಂದಲವೇ ಇಲ್ಲ. 3ಎಂಎಫ್ ಫೈಲ್‌ನಲ್ಲಿ ಯೂನಿಟ್ ಒಳಗೇ ಬರೆದಿರುತ್ತದೆ. ಪ್ರಿಂಟ್ ಮಾಡಿಕೊಡುವವರು ಒಪ್ಪಿದರೆ ಅದನ್ನೇ ಕೊಡಿ.

ಫೈಲ್ ತೂಕವೂ ಲೆಕ್ಕಕ್ಕೆ ಬರುತ್ತದೆ. ಬೈನರಿ ಎಸ್‌ಟಿಎಲ್‌ನಲ್ಲಿ ಒಂದು ತ್ರಿಕೋನಕ್ಕೆ 50 ಬೈಟ್. 2 ಕೋಟಿ ಚೌಕ ಎಂದರೆ 4 ಕೋಟಿ ತ್ರಿಕೋನ, ಸುಮಾರು 2 ಜಿಬಿ. 6 ಸೆಂಟಿಮೀಟರಿನ ಆನೆಗೆ ಅಷ್ಟು ಬೇಕಾಗಿಯೇ ಇಲ್ಲ. ಡೆಸಿಮೇಶನ್ ಉಪಯೋಗಕ್ಕೆ ಬರುವುದು ಇಲ್ಲೇ.

ಕೊಡಗಿನ ಹಳೇ ಐನ್‌ಮನೆಯ ಬಾಗಿಲ ಕೆತ್ತನೆಯನ್ನೋ ಕಂಬವನ್ನೋ ಮೊಬೈಲ್ ಫೋಟೊಗಳಿಂದ 3ಡಿ ಮಾಡುವವರಿಗೆ ಒಂದು ಮಾತು. ಫೋಟೊಗಳಿಂದ ಆಕಾರ ಸಿಗುತ್ತದೆ, ಅಳತೆ ಸಿಗುವುದಿಲ್ಲ. ಬಾಗಿಲು ಎರಡು ಮೀಟರೋ ಎರಡು ಇಂಚೋ ಎಂದು ಬರೀ ಫೋಟೊಗಳಿಂದ ಪ್ರೋಗ್ರಾಂ ಹೇಳಲಾರದು. ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ಅಳತೆ ಟೇಪ್ ಇಟ್ಟರೆ, ಆಮೇಲೆ ಅದನ್ನು ನೋಡಿ ಒಂದೇ ಸಲ ಸರಿಯಾಗಿ ಸ್ಕೇಲ್ ಮಾಡಬಹುದು.

ಮೆಶ್‌ನಲ್ಲಿ ಇದೆ, ಕೈಯಲ್ಲಿ ಇಲ್ಲ

ಇಷ್ಟೆಲ್ಲ ಸರಿಯಾಗಿ ಮಾಡಿ, ಫೈಲ್‌ನಲ್ಲಿ ಒಂದು ಸುಕ್ಕೂ ಕಳೆದುಕೊಳ್ಳದೆ ಕಳಿಸಿದರೂ ಪ್ರಿಂಟ್ ನುಣ್ಣಗೆ ಬರಬಹುದು. ಆಗ ಮಿತಿ ಯಂತ್ರದ್ದು.

ಕೊಡವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೀಚೆ ಕತ್ತಿಯನ್ನು ತೆಗೆದುಕೊಳ್ಳಿ. ಒರೆಯ ಮೇಲಿನ ಬೆಳ್ಳಿ ಕೆಲಸ, ಸರಪಳಿ, ಹಿಡಿಯ ನಕ್ಕಾಶಿ. ನಿಮ್ಮ ಮಾಡೆಲ್ 30 ಸೆಂಟಿಮೀಟರ್, ಅದರಲ್ಲಿ ಒಂದು ಗೀರಿನ ಅಗಲ 0.6 ಮಿಲಿಮೀಟರ್ ಎಂದುಕೊಳ್ಳೋಣ. ಕೀ ಚೈನ್‌ಗಾಗಿ 5 ಸೆಂಟಿಮೀಟರ್ ಮಾಡಿದರೆ ಆರು ಪಟ್ಟು ಕುಗ್ಗಿತು. ಗೀರು 0.1 ಮಿಲಿಮೀಟರ್. ಪ್ಲಾಸ್ಟಿಕ್ ಎಳೆ ಕರಗಿಸಿ ಹಾಕುವ ಫಿಲಮೆಂಟ್ ಪ್ರಿಂಟರ್‌ನ ನಾಝಲ್ ಸಾಮಾನ್ಯವಾಗಿ 0.4 ಮಿಲಿಮೀಟರ್. ಅದರಿಂದ ಈ ಗೀರು ಬರಲು ಸಾಧ್ಯವೇ ಇಲ್ಲ. ದ್ರವವನ್ನು ಬೆಳಕಿನಿಂದ ಗಟ್ಟಿ ಮಾಡುವ ರೆಸಿನ್ ಪ್ರಿಂಟರ್‌ನ ಪಿಕ್ಸೆಲ್ 0.05 ಮಿಲಿಮೀಟರ್ ಇದ್ದರೆ ಗೀರಿಗೆ ಎರಡು ಪಿಕ್ಸೆಲ್ ಸಿಗುತ್ತದೆ. ಇದೆಯೋ ಇಲ್ಲವೋ ಎನ್ನುವಂತೆ ಬರುತ್ತದೆ, ಪ್ರೈಮರ್ ಹೊಡೆದರೆ ಅದೂ ಮುಚ್ಚಿಹೋಗುತ್ತದೆ.

ಅದಕ್ಕೇ ಚಿಕ್ಕದು ಮಾಡುವಾಗ ವಿವರವನ್ನು ಉಳಿಸುವುದು ಸಾಲದು, ಹೆಚ್ಚಿಸಬೇಕು. ಗೀರು ಆಳ ಮಾಡಿ, ಅಗಲ ಮಾಡಿ, ಹತ್ತು ಗೀರಿದ್ದ ಕಡೆ ಐದೇ ಇಡಿ. ಆಟಕ್ಕೆ ಬಳಸುವ ಪುಟಾಣಿ ಬೊಂಬೆಗಳನ್ನು ಮಾಡುವವರು ತಲೆ, ಕೈ, ಆಯುಧಗಳನ್ನು ಬೇಕೆಂದೇ ದಪ್ಪ ಮಾಡುತ್ತಾರೆ. ಹಾಗೆ ಮಾಡದಿದ್ದರೆ ದೂರದಿಂದ ಮುಖವೇ ಗೊತ್ತಾಗುವುದಿಲ್ಲ. ಇದನ್ನು ಮೋಸ ಎಂದುಕೊಳ್ಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಣ್ಣಿಗೆ ಕಾಣದ ನಿಷ್ಠೆಯಿಂದ ಪ್ರಯೋಜನವೇನು?

ಎಲ್ಲ ವಿವರವನ್ನು ಒಂದೇ ಸಲ ಹೆಚ್ಚಿಸಲು ಬ್ಲೆಂಡರ್‌ನಲ್ಲಿ ಒಂದು ಉಪಾಯವಿದೆ. ಮಲ್ಟಿರೆಸ್ ಅಪ್ಲೈ ಮಾಡಿದ ಮೆಶ್‌ನ ನಕಲು ತೆಗೆದು, ಪಾಯಿಂಟ್ ಸಂಖ್ಯೆ ಬದಲಾಗದಂತೆ ಅದನ್ನು ಸ್ಮೂತ್ ಮಾಡಿ ನುಣ್ಣಗಾಗಿಸಿ. ಆ ನುಣುಪಿನದು ಬೇಸಿಸ್, ವಿವರ ಇರುವುದು ಅದರ ಮೇಲಿನ ಶೇಪ್ ಕೀ. ಕೀಯ ಬೆಲೆ 0 ಇದ್ದರೆ ನುಣುಪು, 1 ಇದ್ದರೆ ಮೂಲ ಆನೆ. ಗರಿಷ್ಠ ಮಿತಿಯನ್ನು ಏರಿಸಿ 1.5 ಕೊಟ್ಟರೆ ಸುಕ್ಕುಗಳೆಲ್ಲ ಒಂದೂವರೆ ಪಟ್ಟು ಆಳ. ದೇಹದ ಆಕಾರ ಬಹುಪಾಲು ಹಾಗೇ ಇರುತ್ತದೆ. ಚೂಪು ಅಂಚುಗಳಲ್ಲಿ ಮಾತ್ರ ಒಂದರೊಳಗೊಂದು ಹೊಕ್ಕಿದೆಯೇ ಎಂದು ನೋಡಿಕೊಳ್ಳಿ.

ತೆಳುವಾದ ಭಾಗಗಳನ್ನು ಬೇರೆಯಾಗಿ ನೋಡಬೇಕು. ಪೀಚೆ ಕತ್ತಿಯ ಸರಪಳಿ ಆರು ಪಟ್ಟು ಕುಗ್ಗಿದರೆ ಸಪೋರ್ಟ್ (ಪ್ರಿಂಟ್ ಆಗುವಾಗಿನ ಆಸರೆ ಕಡ್ಡಿ) ತೆಗೆಯುವಾಗಲೇ ತುಂಡಾಗುತ್ತದೆ. ಅದನ್ನು ಒರೆಗೆ ಅಂಟಿಸಿದಂತೆ ಉಬ್ಬು ಕೆತ್ತನೆ ಮಾಡಿಬಿಡುವುದು ಜಾಣತನ.

ಮಂಟಪದ ಆನೆಯ ಕಷ್ಟ ಇದರ ಉಲ್ಟಾ. 20 ಸೆಂಟಿಮೀಟರಿನ ಆನೆ ಎಂದು ಮನಸ್ಸಿನಲ್ಲಿಟ್ಟುಕೊಂಡು ಕೆತ್ತಿದ್ದೀರಿ. ಪಾಯಿಂಟ್‌ಗಳ ನಡುವೆ 0.2 ಮಿಲಿಮೀಟರ್ ದೂರ. 3 ಮೀಟರ್ ಮಾಡಿದರೆ 15 ಪಟ್ಟು, ದೂರ 3 ಮಿಲಿಮೀಟರ್. 0.3 ಮಿಲಿಮೀಟರಿನ ಚರ್ಮದ ರಂಧ್ರ 4.5 ಮಿಲಿಮೀಟರಿನ ಗುಂಡಿಯಾಯಿತು. ಯಾವುದೂ ಕಳೆದುಹೋಗಿಲ್ಲ, ಆದರೂ ಏನೋ ಖಾಲಿ ಖಾಲಿ. ಅಷ್ಟು ದೊಡ್ಡ ಆನೆಯಲ್ಲಿ ಇರಬೇಕಾದ ಸಣ್ಣ ವಿವರವನ್ನು ನೀವು ಕೆತ್ತಿಯೇ ಇಲ್ಲ. ಪ್ರೋಗ್ರಾಂ ಅದನ್ನು ಎಲ್ಲಿಂದ ತರಬೇಕು? ಇನ್ನೊಂದು ಹಂತ ಒಡೆದರೆ ಪಾಯಿಂಟ್‌ಗಳ ದೂರ ಅರ್ಧವಾಗುತ್ತದೆ, ಪಾಲಿಗಾನ್ ನಾಲ್ಕು ಪಟ್ಟಾಗುತ್ತದೆ. ಅದು ಜಾಗ ಮಾಡಿಕೊಡುತ್ತದೆ ಅಷ್ಟೇ, ಕೆತ್ತುವ ಕೆಲಸ ನಿಮ್ಮದೇ.

ಎಷ್ಟು ಕೆತ್ತಬೇಕು ಎನ್ನುವುದನ್ನು ನೋಡುವವರ ದೂರದಿಂದ ಲೆಕ್ಕ ಹಾಕಬಹುದು. ಒಳ್ಳೆಯ ಕಣ್ಣು ಸುಮಾರು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಸಣ್ಣದನ್ನು ಗುರುತಿಸುತ್ತದೆ. ಕೈಯಲ್ಲಿ ಹಿಡಿದ, 30 ಸೆಂಟಿಮೀಟರ್ ದೂರದ ಬೊಂಬೆಯಲ್ಲಿ ಅದು ಸುಮಾರು 0.09 ಮಿಲಿಮೀಟರ್. 10 ಮೀಟರ್ ದೂರದಲ್ಲಿ ಸುಮಾರು 3 ಮಿಲಿಮೀಟರ್. ವಿಜಯದಶಮಿಯ ರಾತ್ರಿ ಮಡಿಕೇರಿಯ ದಶಮಂಟಪಗಳು ಹೊರಟಾಗ ಎಷ್ಟು ಜನ ಆನೆಯ ಮೂಗಿನ ಹತ್ತಿರ ಬರುತ್ತಾರೆ? ಬಣ್ಣದ ದೀಪ, ಹೊಗೆ, ಜನಜಂಗುಳಿ. ಅಲ್ಲಿ ರಂಧ್ರ ಯಾರಿಗೂ ಬೇಡ. ದೊಡ್ಡ ಸುಕ್ಕಿನ ನೆರಳು ಗಟ್ಟಿಯಾಗಿ ಬೀಳಬೇಕು, ಅಷ್ಟೇ. ಇದೇ ಆನೆಯನ್ನು ಹೋಟೆಲಿನ ಹಜಾರದಲ್ಲಿ ಇಡುವುದಾದರೆ ಮಾತು ಬೇರೆ. ಅಲ್ಲಿ ಮಕ್ಕಳು ಮುಟ್ಟಿ ನೋಡುತ್ತಾರೆ.

ದೊಡ್ಡ ಆಕಾರವನ್ನು ಥರ್ಮಾಕೋಲ್‌ನಲ್ಲಿ ಸಿಎನ್‌ಸಿ ಯಂತ್ರದಿಂದ ಕೊರೆಸುವುದಾದರೆ, ಕೊರೆಯುವ ಬಿಟ್‌ನ ಅಳತೆಯನ್ನು ಮೊದಲೇ ಕೇಳಿಕೊಳ್ಳಿ. 6 ಮಿಲಿಮೀಟರಿನ ಗುಂಡು ಬಿಟ್ ಇದ್ದರೆ ಅದಕ್ಕಿಂತ ಕಿರಿದಾದ ಗೀರಿನೊಳಗೆ ಅದು ಇಳಿಯುವುದಿಲ್ಲ. ಮನೆಯ ಪ್ರಿಂಟರ್‌ನಲ್ಲಿ ತುಂಡು ತುಂಡಾಗಿ ತೆಗೆಯುವುದಾದರೆ ಖರ್ಚು ಮೊದಲು ಲೆಕ್ಕ ಹಾಕಿ. ಅಳತೆ ಮೂರು ಪಟ್ಟಾದರೆ ಮೇಲ್ಮೈ 9 ಪಟ್ಟು, ಗಟ್ಟಿ ಪ್ರಿಂಟ್ ಆದರೆ ವಸ್ತು 27 ಪಟ್ಟು. "ಅಣ್ಣಾ, ಒಂಚೂರು ದೊಡ್ಡದು ಮಾಡಿ ಕೊಡಿ, ರೇಟ್ ಅದೇ ಇರಲಿ" ಎನ್ನುವವರಿಗೆ ಈ ಲೆಕ್ಕ ತೋರಿಸಬಹುದು.

ಕೊನೆಯದಾಗಿ, ಅಳತೆಯ ಜೊತೆ ಬದಲಾಗಬಾರದ ಭಾಗಗಳೂ ಇವೆ. ತುಂಡುಗಳನ್ನು ಜೋಡಿಸುವ ಗೂಟ ಮತ್ತು ತೂತಿನ ನಡುವೆ 0.2 ಮಿಲಿಮೀಟರ್ ಸಡಿಲ ಬಿಟ್ಟಿರುತ್ತೀರಿ. 15 ಪಟ್ಟು ಮಾಡಿದರೆ ಅದು 3 ಮಿಲಿಮೀಟರ್ ಆಗಿ ಸೊಂಡಿಲು ಅಲ್ಲಾಡುತ್ತದೆ. ಸ್ಕ್ರೂ ತೂತು, ಬಲ್ಬ್ ಕೂರಿಸುವ ಜಾಗ, ಪೊಳ್ಳು ಮಾಡಿದ ಒಳಗೋಡೆಯ ದಪ್ಪ, ಎಲ್ಲ ಹೀಗೇ. ಇವನ್ನು ಮೂಲ ಶಿಲ್ಪದಲ್ಲಿ ಮಾಡಿಡಬೇಡಿ. ಅಳತೆ ಗಟ್ಟಿಯಾದ ಮೇಲೆ, ಆ ಅಳತೆಯ ಪ್ರತಿಯಲ್ಲಿ ಹಾಕಿ. ಬೆಳ್ಳಿಯಲ್ಲಿ ಎರಕ ಹೊಯ್ಯಿಸುವುದಾದರೆ ಲೋಹ ತಣಿಯುವಾಗ ಸ್ವಲ್ಪ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಎನ್ನುವುದು ಆ ಎರಕದವರ ಕೈಗೆ ಗೊತ್ತಿರುತ್ತದೆ. ಅವರನ್ನು ಕೇಳಿ, ಅಷ್ಟನ್ನು ಸ್ಕೇಲ್‌ನಲ್ಲೇ ಸೇರಿಸಿ ಫೈಲ್ ಕೊಡಿ.